ಅಂಕಿತದಲ್ಲಿಲ್ಲದ ಹೆಸರು

ವಕೀಲರಿಗೆ ನಿವೃತ್ತಿ ಅನ್ನುವುದಿಲ್ಲ. ಕಣ್ಣು ಮಂಜಾಗುವವರೆಗೂ, ಮೊಣಕಾಲು ಕೋರ್ಟಿನ ಮೆಟ್ಟಿಲನ್ನು ಒಲ್ಲೆ ಅನ್ನುವವರೆಗೂ ಕರಿ ಕೋಟು ಹಾಕಿಕೊಂಡು ತಿರುಗುವವರೇ ಹೆಚ್ಚು. ನನ್ನನ್ನು ಮನೆಗೆ ಕಳಿಸಿದ್ದು ನನ್ನ ಕಿವಿ. ತೆಲಂಗಾಣದ ಗಡಿಯ ನಾರಾಯಣಪೇಟೆಯ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ನನಗೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವ ಹಾಗಾಯಿತು. ಮೂರನೆಯ ಸಲ ಅವರ ಮುಖದಲ್ಲಿ ಕನಿಕರ ಕಂಡಿತು. ಸಿಟ್ಟು ಕಂಡಿದ್ದರೆ ಇನ್ನಷ್ಟು ವರ್ಷ ಹಟ ಹಿಡಿದು ಹೋಗುತ್ತಿದ್ದೆನೇನೋ. ಕನಿಕರ ನನಗೆ ಆಗಿಬರುವುದಿಲ್ಲ. ಮರುವಾರವೇ ಕೋಟನ್ನು ಟ್ರಂಕಿಗೆ ಹಾಕಿ, ಮಕ್ತಲ್‌ನ ಈ ಬಾಡಿಗೆ ಮನೆಯಲ್ಲಿ ಕುಳಿತೆ.

ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವವರು ಕೇಳಿ ಕೇಳಿ ದಣಿದು ಬಿಟ್ಟರು. ಆ ಕಥೆ ಇಲ್ಲಿ ಬೇಡ. ಬಾರ್ ರೂಮಿನಲ್ಲಿ ಹೊಸದಾಗಿ ಕೂರುವ ಹುಡುಗಿಯರು, ಹುಡುಗರು ಈಚೆಗೆ ನನ್ನನ್ನು ಕೇಳುವುದು ಬೇರೆ. "ಅಮ್ಮಾ, ಪದ ಹಾಡೋರು, ನಾಟಕದೋರು, ಫೋನಿನ್ಯಾಗ ವಿಡಿಯೋ ಹಾಕೋರು ತಕರಾರು ತರಾಕ ಹತ್ಯಾರ. ನಮಗ ಹೊಲದ ದಾವೆ ಬಿಟ್ಟು ಏನೂ ಗೊತ್ತಿಲ್ಲ. ಏನ್ ಮಾಡೋಣು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಯ್ದೆ ಪುಸ್ತಕದಲ್ಲಿ ಸಿಗುತ್ತದೆ. ಕಕ್ಷಿದಾರರ ಜೊತೆ ಮೊದಲ ದಿನ ಹೇಗೆ ಕೂರಬೇಕು ಅನ್ನುವುದು ಸಿಗುವುದಿಲ್ಲ.

ನನಗದನ್ನು ಕಲಿಸಿದವರು ನನ್ನ ಸೀನಿಯರ್. ಅವರ ಹೆಸರು ಹೇಳುವುದು ಅವರಿಗೇ ಇಷ್ಟವಾಗುತ್ತಿರಲಿಲ್ಲ, ಆದ್ದರಿಂದ ದೊಡ್ಡ ವಕೀಲರು ಅನ್ನುತ್ತೇನೆ. ಉರ್ದು ಶಾಲೆಯಲ್ಲಿ ಓದಿದವರು, ಸಿಟ್ಟು ಬಂದರೆ ಉರ್ದುವಿನಲ್ಲೇ ಬೈಯುತ್ತಿದ್ದರು. ಮೊದಲ ಭೇಟಿಯಲ್ಲಿ ಪೆನ್ನು ಮುಟ್ಟಲು ಬಿಡುತ್ತಿರಲಿಲ್ಲ. "ಬಾಯಿ ಮುಚ್ಚಿಕೊಂಡು ಕೂಡು. ಮನಿಶ್ಯಾ ಸುಳ್ಳು ಹೇಳಿ ಮುಗಿಸಿದ ಮ್ಯಾಲ ಖರೇ ಸುರು ಮಾಡ್ತಾನ. ನೀ ನಡುವ ಬಾಯಿ ಹಾಕಿದ್ರ ಸುಳ್ಳಿನ್ಯಾಗ ಉಳೀತಾನ" ಅನ್ನುತ್ತಿದ್ದರು. ಬಂದವರಿಗೆಲ್ಲ, ಎಂಥ ಬಡವರಿಗೂ, 'ರಿ' ಹಚ್ಚಿ ಮಾತಾಡಬೇಕು ಅನ್ನುವುದು ಅವರ ಇನ್ನೊಂದು ಕಟ್ಟಪ್ಪಣೆ. ಎರಡನೆಯದನ್ನು ನಾನು ಬೇಗ ಕಲಿತೆ. ಮೊದಲನೆಯದಕ್ಕೆ ಇಡೀ ಆಯುಷ್ಯ ಹಿಡಿಯಿತು.

ಮನರಂಜನೆಯ ಲೋಕದಿಂದ ನನಗೆ ಬಂದ ಮೊದಲ ಮೊಕದ್ದಮೆ ಗದ್ವಾಲದ್ದು. ರಾಜನ ಪಾರ್ಟು ಮಾಡುತ್ತಿದ್ದ ಒಬ್ಬ ನಟ ನಾಟಕ ಮಂಡಳಿ ಬಿಟ್ಟ. ಮಾಲೀಕ ಅವನ ವೇಷದ ಪೆಟ್ಟಿಗೆಯನ್ನು ಇಟ್ಟುಕೊಂಡ. ನಾನು ಹುಮ್ಮಸ್ಸಿನಿಂದ ಅರ್ಜಿ ಬರೆದೆ. ಕಿರೀಟ, ಗದೆ, ಜರಿ ನಿಲುವಂಗಿ, ಭುಜಕೀರ್ತಿ, ಒಂದೂ ಬಿಡಲಿಲ್ಲ. ಕೋರ್ಟು ಅರ್ಜಿಯಲ್ಲಿದ್ದುದನ್ನೆಲ್ಲ ಕೊಡಿಸಿತು. ಹೊರಗೆ ಬಂದ ಮೇಲೆ ನಟ ಅಳುವ ಮುಖ ಮಾಡಿ ನಿಂತ. "ಮೀಸಿ ಬಿಟ್ರಲ್ರೀ ವಕೀಲಮ್ಮಾರ. ಅದು ನಮ್ಮಪ್ಪ ಕಟ್ಟಿದ ಮೀಸಿ. ಕಿರೀಟ ಯಾರ್ ಬೇಕಾದ್ರೂ ಮಾಡಿ ಕೊಡ್ತಾರ. ಮೀಸಿ ಇಲ್ದ ರಾಜನ್ನ ಯಾರ್ ನೋಡ್ತಾರ್ರಿ?" ಏನು ಬೆಲೆಬಾಳುತ್ತದೆ ಅಂತ ನಾನು ಕೇಳಿದ್ದೆ. ಏನು ಬೇಕು ಅಂತ ಕೇಳಿರಲಿಲ್ಲ. ಆ ಮೀಸೆಗಾಗಿ ಗದ್ವಾಲಕ್ಕೆ ಮತ್ತೆ ಎಷ್ಟು ಸಲ ಬಸ್ಸು ಹತ್ತಿದೆನೋ ದೇವರಿಗೇ ಗೊತ್ತು. ಬಾರ್ ರೂಮಿನವರು ಬಹಳ ದಿನ ನನ್ನನ್ನು ಕಂಡೊಡನೆ ಮೀಸೆ ತಿರುವುತ್ತಿದ್ದರು.

ಇನ್ನೊಂದು ಸಂಗತಿ. ಇದನ್ನು ಯಾವ ಸೀನಿಯರೂ ಹೇಳಿಕೊಡುವುದಿಲ್ಲ. ಗೆದ್ದ ಕಕ್ಷಿದಾರ ನಿಮ್ಮ ಮುಖ ನೋಡಲು ಇಷ್ಟಪಡುವುದಿಲ್ಲ. ಸೋತವನು ಬೈದುಕೊಂಡಾದರೂ ನೆನೆಯುತ್ತಾನೆ. ಗೆದ್ದವನಿಗೆ ನಿಮ್ಮನ್ನು ಕಂಡರೆ ಆ ಕೆಟ್ಟ ದಿನಗಳೇ ನೆನಪಾಗುತ್ತವೆ. ನಾರಾಯಣಪೇಟೆಯ ಬಜಾರಿನಲ್ಲಿ ನನ್ನನ್ನು ನೋಡಿ ಸೀರೆ ಅಂಗಡಿಯೊಳಗೆ ಹೊಕ್ಕವರು, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿದವರು ಎಷ್ಟೋ ಮಂದಿ. ಸೀಮಂತಕ್ಕೆ, ಗೃಹಪ್ರವೇಶಕ್ಕೆ ವಕೀಲರನ್ನು ಯಾರೂ ಕರೆಯುವುದಿಲ್ಲ. ಅವರ ಮನೆಯೊಳಗಿನ ಜಗಳ, ಆಸೆ, ಹಾದರ, ಹೊಟ್ಟೆಕಿಚ್ಚು ಎಲ್ಲ ನಮಗೆ ಗೊತ್ತು, ಅವರ ಹಬ್ಬದ ಅಡುಗೆ ಮಾತ್ರ ಗೊತ್ತಿಲ್ಲ. ಸಂಜೆ ಬಸ್ಸಿಳಿದು ಮನೆಯ ಬೀಗ ತೆಗೆಯುವಾಗ ಅದರ ಸಪ್ಪಳವೇ ಬಹಳ ಸಲ ಆ ದಿನದ ಕೊನೆಯ ಮಾತು. ನನಗದು ನೋವು ಕೊಟ್ಟಿದೆ. ಈ ವಯಸ್ಸಿನಲ್ಲಿ ಇಲ್ಲ ಅಂತ ಹೇಳಿ ಯಾರನ್ನು ಮೆಚ್ಚಿಸಲಿ?

ಈರಮ್ಮ ಬಂದದ್ದು ನನ್ನ ಕಿವಿ ಮಂದವಾಗತೊಡಗಿದ್ದ ಕಾಲದಲ್ಲಿ. ನಾರಾಯಣಪೇಟೆಯ ನೇಕಾರಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಬಹಳ ಹಿಂದೆ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದ. ಹಗಲು ಮಗ್ಗ, ಅಮಾಸೆಗೆ ಮಠದಲ್ಲಿ ಭಜನೆ. ಅವಳ ದನಿಯನ್ನು ನಾನು ಮೊದಲೇ ಕೇಳಿದ್ದೆ, ಆ ಊರಲ್ಲಿ ಕೇಳದವರಿರಲಿಲ್ಲ. ಕಚೇರಿಗೆ ಬಂದವಳು ಸೆರಗಿನಲ್ಲಿ ಸುತ್ತಿದ್ದ ನೋಟೀಸನ್ನು ಮೇಜಿನ ಮೇಲಿಟ್ಟು, ಕುರ್ಚಿ ಬಿಟ್ಟು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ನಾನೂ ಎದ್ದು ಅವಳ ಎದುರು ನೆಲಕ್ಕೇ ಕೂತೆ.

"ನನ್ನ ಪದ ನನಗ ಹಾಡಬ್ಯಾಡ ಅಂತ ಬರದಾರಂತ್ರಿ" ಅಂದಳು.

ಆದದ್ದಿಷ್ಟು. ಮಲ್ದಕಲ್ ದೇವರ ಗುಡಿಯಲ್ಲಿ ಸೇವೆಗೆಂದು ಅವಳು ತೊಟ್ಟಿಲ ಪದವೊಂದನ್ನು ಹಾಡಿದ್ದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಹಾಕಿದರು. ಜನ ಮುಗಿಬಿದ್ದು ನೋಡಿದರು. ಸ್ವಲ್ಪ ದಿನದಲ್ಲೇ ಆ ವಿಡಿಯೋ ಮಾಯವಾಯಿತು. ಹೈದರಾಬಾದಿನ ಒಂದು ಹಾಡಿನ ಕಂಪನಿ ಆ ಪದ ತನ್ನದು ಅನ್ನುತ್ತಿತ್ತು. ಅದರ ಹಕ್ಕನ್ನು ಕಂಪನಿಗೆ ಬರೆದು ಕೊಟ್ಟವನು ಅವಳ ಗುರು ಬಸ್ಸಣ್ಣ ತಾತನ ಮಗ ಶರಣಪ್ಪ. ಕೃಷ್ಣಾ ನದಿಯ ಕಡೆಯ ಹಳ್ಳಿಯ ಒಕ್ಕಲಿಗ ಬಸ್ಸಣ್ಣ ತಾತ ಅಮಾಸೆಗೊಮ್ಮೆ ನಾರಾಯಣಪೇಟೆಗೆ ಬಂದು ಭಜನೆ ನಡೆಸುತ್ತಿದ್ದವರು, ಆಗಲೇ ತೀರಿಕೊಂಡಿದ್ದರು. ಅಪ್ಪನ ಪದಗಳನ್ನೆಲ್ಲ ಮಗ ಕೊಟ್ಟಿದ್ದ, ಅದರಲ್ಲಿ ಇದೂ ಇತ್ತು. ಕಂಪನಿ ಬೇರೆ ಯಾರಿಂದಲೋ ತಬಲಾ, ಕೀಬೋರ್ಡು ಸೇರಿಸಿ ಹಾಡಿಸಿತ್ತು. ಇನ್ನು ಮುಂದೆ ಈರಮ್ಮ ಇದನ್ನು ಸಭೆಯಲ್ಲಿ ಹಾಡಿದರೆ ದಾವೆ ಹೂಡುತ್ತೇವೆ ಅಂತ ನೋಟೀಸು. ಅದನ್ನು ನೋಡಿದ ಗುಡಿಯವರು, ಮಠದವರು ಹೆದರಿ ಅವಳನ್ನು ಕರೆಯುವುದನ್ನೇ ಬಿಟ್ಟರು.

"ಪದ ನಿಮ್ದ ಏನ್ರಿ ಈರಮ್ಮ?" ಅಂತ ಕೇಳಿದೆ.

"ತಾತ ಕೊಟ್ಟ ಪದರಿ."

"ಅಂದ್ರ ಕಟ್ಟಿದವರು ತಾತನೋ, ನೀವೋ?"

"ಕಟ್ಟಾಕ ನಾನ್ಯಾರ್ರಿ? ಗುರು ಕೊಡ್ತಾನ, ನಮ್ಮ ಬಾಯಿಲೆ ಬರ್ತೈತಿ."

ಇಲ್ಲಿಂದ ತೊಡಕು. ಈ ಭಜನೆ ಮೇಳಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಪದದ ಕೊನೆಯ ಸಾಲಿನಲ್ಲಿ ಒಂದು ಹೆಸರು ಬರುತ್ತದೆ, ಅದು ಅಂಕಿತ. ಬಸ್ಸಣ್ಣ ತಾತನ ಮೇಳದಲ್ಲಿ ಯಾರೇ ಪದ ಕಟ್ಟಲಿ ಅಂಕಿತ ತಾತನದೇ. ಶಿಷ್ಯ ತನ್ನ ಹೆಸರು ಹಾಕಿದರೆ, ಬಾಯಲ್ಲಿ ನಾ ಕಟ್ಟಿದೆ ಅಂದರೆ, ಪದ ಸತ್ತು ಹೋಗುತ್ತದೆ ಅಂತ ಅವರ ನಂಬಿಕೆ. ಈರಮ್ಮನೂ ಹಾಗೇ ಮಾಡಿರಬೇಕು ಅಂತ ನನಗೆ ಅನ್ನಿಸಿತು. ಕಾನೂನು ಮಾತ್ರ, ಕೃತಿಯ ಮೇಲೆ ಯಾರ ಹೆಸರಿದೆಯೋ ಅದು ಅವರದೇ ಅಂತ ಮೊದಲು ನಂಬುತ್ತದೆ. ಅಲ್ಲ ಅನ್ನುವವರೇ ತೋರಿಸಬೇಕು. ಇಲ್ಲಿ ಅಲ್ಲ ಅನ್ನಬೇಕಾದವಳ ಬಾಯಲ್ಲೇ ಅಲ್ಲ ಅನ್ನುವ ಮಾತು ಬರುತ್ತಿರಲಿಲ್ಲ.

ಇದು ನನ್ನ ಕೈಮೀರಿದ್ದು ಅಂತ ಅಂದೇ ಗೊತ್ತಾಯಿತು. ಹಾಡು, ಸಿನಿಮಾದ ಕೆಲಸವನ್ನೇ ಮಾಡುವ ವಕೀಲರು ಬೇಕಿತ್ತು. ಹೈದರಾಬಾದಿನಲ್ಲಿ ಟೀವಿಯಲ್ಲಿ ಕಾಣಿಸಿಕೊಳ್ಳುವ ಒಬ್ಬರ ಕಚೇರಿಗೆ ಫೋನು ಮಾಡಿದೆ. ನಾನು ಆದ್ಯಂತ ಹೇಳಲು ಬಾಯಿ ತೆರೆದರೆ ಆ ಕಡೆಯವರು ತಡೆದರು. "ಅಮ್ಮಾ, ಏನೂ ಹೇಳಬೇಡಿ. ಎದುರಾಳಿ ಯಾರು, ಅದೊಂದು ಹೇಳಿ." ಕಂಪನಿಯ ಹೆಸರು ಹೇಳಿದೆ. "ಅವರು ನಮ್ಮ ಕಕ್ಷಿದಾರರು, ಕ್ಷಮಿಸಿ" ಅಂತ ಫೋನಿಟ್ಟರು. ಒಂದು ನಿಮಿಷ ತಡವಾಗಿದ್ದರೆ ನಮ್ಮ ಗುಟ್ಟೆಲ್ಲ ಅವರ ಮೇಜಿನ ಮೇಲಿರುತ್ತಿತ್ತು. ಹೊಸಬರೇ, ದೊಡ್ಡ ಊರಿನ ವಕೀಲರನ್ನು ಹಿಡಿಯುವಾಗ ಮೊದಲು ಕೇಳಬೇಕಾದದ್ದು ಇದು. ಎದುರಿನವರು ನಿಮ್ಮವರೋ? ಆಮೇಲೆ, ಈ ಬಗೆಯ ಕೆಲಸ ನೀವೇ ಮಾಡುತ್ತೀರೋ, ಜೂನಿಯರಿಗೆ ಕೊಡುತ್ತೀರೋ? ಫೀಸಿನ ಮಾತನ್ನು ಬರಹದಲ್ಲಿ ಇಡುತ್ತೀರೋ? ಇದನ್ನೆಲ್ಲ ಕೇಳುವುದಕ್ಕೆ ನಾಚಬೇಡಿ, ತರಕಾರಿ ಕೊಳ್ಳುವಾಗ ಬದನೆಕಾಯಿ ಒತ್ತಿ ನೋಡುವುದಿಲ್ಲವೇ.

ಕೊನೆಗೆ ಸಿಕ್ಕವರು ಅವಿನಾಶ್ ಅಂತ, ನಲವತ್ತರ ಒಳಗಿನವರು. ಫೋನಿನಲ್ಲಿ ಕಡಿಮೆ ಮಾತು. ಬರುವಾಗ ನೋಟೀಸು, ವಿಡಿಯೋ ಯಾವುದಾದರೂ ಉಳಿದಿದ್ದರೆ ಅದು, ಏನೇನು ಯಾವಾಗ ಆಯಿತು ಅನ್ನುವುದರ ಒಂದು ಪುಟ, ಇಷ್ಟು ತನ್ನಿ ಅಂದರು. ನಮ್ಮ ಕಾಲದಲ್ಲಿ ಕ್ಯಾಸೆಟ್ಟು ಹಿಡಿದುಕೊಂಡು ಹೋಗಬೇಕಿತ್ತು, ಟೇಪು ಸಿಕ್ಕಿಹಾಕಿಕೊಂಡರೆ ಸಾಕ್ಷಿಯೇ ಹೋಯಿತು. ಈಗ ಎಲ್ಲ ಫೋನಿನಲ್ಲಿ ಕಳಿಸಬಹುದು. ಅವರು ಇನ್ನೂ ಒಂದು ಮಾತು ಹೇಳಿದರು. "ಅವರನ್ನು ಗಿಳಿಪಾಠ ಮಾಡಿಸಿ ಕರೆತರಬೇಡಿ. ಅವರಿಗೆ ಏನು ಬೇಕು ಅಂತ ಮಾತ್ರ ಕೇಳಿಕೊಂಡು ಬನ್ನಿ." ಗದ್ವಾಲದ ಮೀಸೆ ನೆನಪಾಗಿ ನಕ್ಕುಬಿಟ್ಟೆ. ಅವರಿಗೆ ಯಾಕೆ ಅಂತ ತಿಳಿದಿರಲಿಕ್ಕಿಲ್ಲ.

ಆ ತಯಾರಿಗಾಗಿ ಈರಮ್ಮ ಕೆಲವು ಮಧ್ಯಾಹ್ನ ಮಕ್ತಲ್‌ನ ನನ್ನ ಮನೆಗೆ ಬಂದಳು. ನಾನು ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿಡುತ್ತಿದ್ದೆ. ಇಬ್ಬರು ಉಣ್ಣುವಷ್ಟು ರೊಟ್ಟಿ ಬಡಿಯುವುದೇ ನನಗೆ ಮರೆತಿತ್ತು, ಮೊದಲ ದಿನ ಹಿಟ್ಟು ಸಾಲಲಿಲ್ಲ.

"ಏನ್ ಬೇಕ್ರಿ ನಿಮಗ? ಕಂಪನಿ ಕಡಿಂದ ರೊಕ್ಕ ಬೇಕೋ, ಹೆಸರು ಹಾಕಬೇಕೋ?"

"ಎರಡೂ ಬ್ಯಾಡ್ರಿ. ನನಗ ಹಾಡಾಕ ಬಿಟ್ರ ಸಾಕು. ಅದನ್ನ ಹಾಡಲಾರದ ಇರಾಕ ಆಗವಲ್ದು" ಅಂದಳು. ದನಿ ಸಣ್ಣದಾಯಿತು. "ಮನ್ಯಾಗ ಒಬ್ಬಾಕಿ ಇದ್ದಾಗ ಹಾಡಾಕೂ ಹೆದರಿಕಿ ಆಗ್ತೈತ್ರಿ. ಗ್ವಾಡಿಗೂ ಫೋನ್ ಐತೇನೋ ಅನಸ್ತೈತಿ."

ಅವಳಿಗೆ ಏನು ಬೇಕು ಅನ್ನುವುದು ಹೀಗೆ ತಿಳಿಯಿತು. ಆದರೆ ಅದು ಸಿಗಬೇಕಾದರೆ ಪದ ಅವಳದು ಅಂತಾಗಬೇಕು. ನಾನು ಎಲ್ಲ ಬಗೆಯಿಂದ ಕೇಳಿದೆ. ಯಾರು ಕಟ್ಟಿದ್ದು, ಯಾವಾಗ ಕಟ್ಟಿದ್ದು, ತಾತ ಎಷ್ಟು ತಿದ್ದಿದರು. ಪ್ರತಿ ಸಲವೂ "ತಾತ ಕೊಟ್ಟಾನ್ರಿ" ಅನ್ನುವಲ್ಲಿಗೇ ಬಂದು ನಿಲ್ಲುತ್ತಿದ್ದಳು. ಒಮ್ಮೆ ರೇಗಿ, "ಹಂಗಂದ್ರ ಕಂಪನಿಯವರದ್ದ ಖರೇ ಆಗ್ತೈತಲ್ರಿ ಈರಮ್ಮ!" ಅಂದೆ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಖರೇ ಆದ್ರ ಆಗಲಿರಿ. ಸತ್ತ ಗುರುವಿನ ಕೈಯಾಗಿಂದ ಕಸಗೊಂಡು ಹಾಡಿದ್ರ ಅದು ಪದ ಹೆಂಗ ಆಗ್ತೈತ್ರಿ?" ಅಂದಳು.

ರಾಯಚೂರಿನಿಂದ ಬರುವ ಬಸ್ಸಿಗೆ ಮಕ್ತಲ್‌ನಲ್ಲಿ ಹತ್ತಿ ಇಬ್ಬರೂ ಹೈದರಾಬಾದಿಗೆ ಹೋದೆವು. ಈರಮ್ಮ ತಾನೇ ನೇಯ್ದ ನಾರಾಯಣಪೇಟೆ ಸೀರೆ ಉಟ್ಟಿದ್ದಳು. ಅವಿನಾಶರ ಕಚೇರಿಯಲ್ಲಿ ಗೋಡೆಯ ತುಂಬ ಸಿನಿಮಾ ಪೋಸ್ಟರುಗಳಿರಬಹುದು ಅಂದುಕೊಂಡಿದ್ದೆ. ಬರೀ ಪುಸ್ತಕಗಳಿದ್ದವು, ಒಂದು ಹೂಜಿ ನೀರಿತ್ತು. ಅವರಿಗೆ ಕನ್ನಡ ಬಾರದು. ಈರಮ್ಮನಿಗೆ ಬಜಾರಿನ ವ್ಯವಹಾರಕ್ಕೆ ಸಾಲುವಷ್ಟು ತೆಲುಗು ಬರುತ್ತಿತ್ತು, ಈ ಮಾತಿಗೆ ಅದು ಸಾಲದು. ನಡುವೆ ನಾನು ಕೂತೆ. ಆಗಲೇ ಕಿವಿ ಮಂದವಾಗಿದ್ದರಿಂದ ಅವಳ ಬಾಯಿಯನ್ನೇ ನೋಡುತ್ತಿದ್ದೆ.

ಅವಿನಾಶ್ ಕಾಗದಗಳನ್ನು ಮೊದಲೇ ಓದಿದ್ದರು. ನೇರವಾಗಿ ಕೇಳಿದರು. "ಈ ಪದ ಕಟ್ಟಿದವರು ಯಾರು?"

"ತಾತ ಕೊಟ್ಟಾನ್ರಿ" ಅಂದಳು ಈರಮ್ಮ.

ಆ ಕೋಣೆಯಲ್ಲಿ ಅವಳ ಮಾತು ಅರ್ಥವಾಗುತ್ತಿದ್ದುದು ನನಗೊಬ್ಬಳಿಗೇ. ಈರಮ್ಮನೇ ಕಟ್ಟಿದ್ದಂತೆ ಅಂತ ತೆಲುಗಿನಲ್ಲಿ ಹೇಳಿದ್ದರೆ ಕೇಳುವವರಿಲ್ಲ. ಅದು ಸುಳ್ಳೂ ಅಲ್ಲ, ನನ್ನ ಮನಸ್ಸಿಗೆ ಅದು ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಈರಮ್ಮ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಅನುಮಾನ ಇರಲಿಲ್ಲ, ನನ್ನನ್ನು ಪೂರಾ ನಂಬಿ ಕೂತಿದ್ದಳು. ಅವಳು ಅಂದದ್ದನ್ನೇ ಹೇಳಿದೆ.

ಅವಿನಾಶ್ ಪೆನ್ನು ಕೆಳಗಿಟ್ಟರು. ಮುಗಿಯಿತು, ಇನ್ನು ಕಾಫಿ ತರಿಸಿ ಕಳಿಸುತ್ತಾರೆ ಅಂದುಕೊಂಡೆ. ಅವರು ಸುಮ್ಮನೆ ಕೂತರು. ನನ್ನ ದೊಡ್ಡ ವಕೀಲರು ಹೀಗೇ ಕೂರುತ್ತಿದ್ದರು. ಆಮೇಲೆ ಮೆಲ್ಲಗೆ, "ಇವರು ಇದನ್ನು ಮೊಟ್ಟಮೊದಲು ಯಾರ ಮುಂದೆ ಹಾಡಿದರು, ಕೇಳಿ" ಅಂದರು.

ಕೇಳಿದೆ. ಈರಮ್ಮ ಸೆರಗಿನ ಅಂಚನ್ನು ಬೆರಳಿನಿಂದ ತಿಕ್ಕಿದಳು.

"ಯಾರ ಮುಂದೂ ಅಲ್ರಿ. ಕಲ್ಲಿನ ಮುಂದ."

ಯಾವ ಕಲ್ಲು ಅಂತ ನಾನೇ ಕೇಳಿದೆ. ಅವಿನಾಶರ ಪ್ರಶ್ನೆಗೆ ಕಾಯಲಿಲ್ಲ.

"ನನಗೊಂದು ಹೆಣ್ಣು ಕೂಸಿತ್ರಿ. ಮಗ್ಗದ ಬಾಜೂಕ ತೊಟ್ಟಿಲ ಕಟ್ಟಿದ್ದೆ. ತೊಟ್ಟಿಲ ಹಗ್ಗ ಮಗ್ಗದ ಕಾಲಹಲಗಿಗೆ ಕಟ್ಟಿದ್ರ ನಾ ತುಳಿದಂಗೆಲ್ಲ ತೊಟ್ಟಿಲ ತೂಗತಿತ್ತು. ನಮ್ಮ ಓಣ್ಯಾಗ ಎಲ್ಲಾರೂ ಹಂಗ ಮಾಡ್ತಾರ್ರಿ. ಜ್ವರ ಬಂದು ಕೂಸು ಹೋತು. ಮನಿಯಾತ ಮುಂಬೈದಾಗಿದ್ದ. ಮಣ್ಣು ಮಾಡಿ ಬಂದು ಮಗ್ಗಕ್ಕ ಕೂತೆ, ಕೂಡಲಾರದ ಹೊಟ್ಟಿ ಹೆಂಗ ನಡೀಬೇಕ್ರಿ. ಬರೇ ತೊಟ್ಟಿಲ ಹಗುರಾಗಿ ಕಾಲಿಗೆ ತೂಕನ ಸಿಗವಲ್ದು. ಸೀರಿ ಎಲ್ಲಾ ಸಡ್ಲ ಸಡ್ಲ ಬಂತು. ಸಾವಕಾರ ಬೈದ. ಆಮ್ಯಾಗ ಗುಂಡಕಲ್ಲ ತಂದು ತೊಟ್ಟಿಲದಾಗ ಮಲಗಿಸಿದೆ."

ನಮ್ಮ ಕಡೆ ತೊಟ್ಟಿಲ ಶಾಸ್ತ್ರದ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸುತ್ತಾರೆ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಒಳಕಲ್ಲಿನಲ್ಲಿ ಮಸಾಲೆ ಅರೆಯುವ ಅದೇ ಕಲ್ಲು.

"ಮೊದಲೂ ಅದ ಮಲಗಿತ್ತು, ಕಡೀಗೂ ಅದ ಮಲಗಿತು. ತುಳಕೋತ ಅದಕ್ಕ ಹೇಳ್ಕೋತ ಕೂತೆ. ನೀ ಅಳಂಗಿಲ್ಲ, ಹಾಲು ಕೇಳಂಗಿಲ್ಲ, ಆದರೂ ತೂಗ್ತೀನಿ ಅಂತ. ಹಂಗ ಪದ ಆತ್ರಿ."

"ತಾತ ಯಾವಾಗ ಕೇಳಿದರು?" ಅವಿನಾಶ್ ಕೇಳಿದ್ದು ಇಷ್ಟೇ. ಅವಳ ಮಾತನ್ನು ನಾನು ತೆಲುಗಿಗೆ ತಂದು ಮುಗಿಸಿದ್ದೆ, ಈ ಪ್ರಶ್ನೆಯನ್ನು ಕನ್ನಡಕ್ಕೆ ತರುವ ಮೊದಲು ಹೂಜಿಯ ನೀರು ಕುಡಿಯಬೇಕಾಯಿತು.

"ಬಾಳ ದಿನದ ಮ್ಯಾಲ್ರಿ. ಮೂರ್ನಾಕು ವರ್ಷ ಆಗಿತ್ತೇನೋ. ಮಠದಾಗ ಒಂದಮಾಸಿ ಹಾಡಿದೆ. ಕಡೀ ಸಾಲಿನ್ಯಾಗ ಅವನ ಹೆಸರು ಹಾಕಿದ್ದೆ. ತಾತ ಕಣ್ಣೀರ ಹಾಕಿದ. ಯಾರದ ಅಂದ. ನಿನ್ದ ತಾತಾ ಅಂದೆ. ಹೂಂ ಅಂದು ಸುಮ್ಮನಾದ."

ಇಷ್ಟು ಹೇಳಿ ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು, ಏನಾದರೂ ತಪ್ಪು ಮಾತಾಡಿದೆನೇ ಅನ್ನುವಂತೆ. ನಾನು ಕಟ್ಟಿದೆ ಅಂತ ಒಮ್ಮೆಯೂ ಅಂದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿದ್ದಳು. ಅಷ್ಟು ಮಧ್ಯಾಹ್ನ ರೊಟ್ಟಿ ಬಡಿದು ಹಾಕಿ ನಾನು ತೆಗೆಯಲಾಗದ ಮಾತನ್ನು ಅವಿನಾಶ್ ಒಂದು ಪ್ರಶ್ನೆಯಿಂದ ತೆಗೆದರು. ಪದದಲ್ಲಿ ಬರುವ ಕಲ್ಲನ್ನು ಮೇಳದವರೆಲ್ಲ ಲಿಂಗ ಅಂತಲೇ ತಿಳಿದು ಕೈಮುಗಿಯುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ.

"ಹಾಡ್ತೀರಾ?" ಅಂತ ಅವಿನಾಶ್ ಕೇಳಿದರು. ಇಲ್ಲಿ ಹಾಡಿದರೆ ಯಾರೂ ದಾವೆ ಹೂಡುವುದಿಲ್ಲ ಅಂತ ನಾನು ಧೈರ್ಯ ಹೇಳಿದೆ. ಎಷ್ಟೋ ತಿಂಗಳ ಮೇಲೆ ಅವಳು ಬಾಯಿ ತೆರೆದಳು. ಹಾಡುತ್ತ ಅವಳ ಬಲಗಾಲು ಮೇಜಿನ ಕೆಳಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ. ಕಂಪನಿಯ ಹಾಡಿನಲ್ಲಿ ಏನು ಸರಿಯಿಲ್ಲ ಅಂತ ನನಗೆ ಆವರೆಗೆ ಹೊಳೆದಿರಲಿಲ್ಲ. ಅದರಲ್ಲಿ ಈ ಕಾಲು ಇರಲಿಲ್ಲ.

ಆಮೇಲಿನದು ಕಾಗದದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಈರಮ್ಮನ ಪಕ್ಕದ ಮನೆಯ ಮುದುಕಿ ಇನ್ನೂ ಬದುಕಿದ್ದಳು. "ಗ್ವಾಡಿ ಆಚಿಂದ ಕೇಳಿ ಕೇಳಿ ನನಗೂ ಬಾಯಿಪಾಠ ಆಗೈತ್ರಿ. ಬಸ್ಸಣ್ಣ ತಾತ ಅದನ್ನ ಹಾಡಾಕ ಸುರು ಮಾಡೋಕಿಂತ ಎಷ್ಟೋ ಮೊದಲ" ಅಂತ ಹೇಳಿಕೆ ಕೊಟ್ಟಳು. ಈರಮ್ಮನ ಹೇಳಿಕೆಯನ್ನು ನಾನೇ ಕನ್ನಡದಲ್ಲಿ ಬರೆದೆ. ಕಟ್ಟಿದೆ ಅನ್ನುವ ಮಾತನ್ನು ಹಾಕಲಿಲ್ಲ. ಈ ಪದ ಮೊದಲು ನನ್ನ ಬಾಯಿಂದ ಬಂತು, ಆಗ ಅದನ್ನು ಬೇರೆ ಯಾರೂ ಹಾಡುತ್ತಿರಲಿಲ್ಲ, ಗುರುವಿನ ಹೆಸರನ್ನು ನಾನೇ ಭಕ್ತಿಯಿಂದ ಇಟ್ಟೆ ಅಂತ ಬರೆದೆ. ಎರಡು ಸಲ ಓದಿಸಿಕೊಂಡು, "ಇದ್ರಾಗ ತಾತಗ ಅಪಮಾನ ಇಲ್ಲಲ್ರಿ?" ಅಂತ ಕೇಳಿ ಸಹಿ ಹಾಕಿದಳು. ತನ್ನದಲ್ಲದ್ದನ್ನು ಮಗ ಕೊಡಲಾರ ಅಂತ ಅವಿನಾಶ್ ಕಂಪನಿಗೆ ಬರೆದರು. ಕಂಪನಿ ಕೋರ್ಟಿನವರೆಗೆ ಬರಲಿಲ್ಲ. ಮಲ್ದಕಲ್ಲಿನ ವಿಡಿಯೋ ಮರಳಿ ಬಂತು. ಕಂಪನಿಯ ಹಾಡಿನ ಕೆಳಗೂ ಈರಮ್ಮನ ಹೆಸರು ಬಂತು. ಅದು ಅವಳು ಕೇಳಿದ್ದಲ್ಲ, ಆದರೆ ಕಾಯ್ದೆ ಅರ್ಧ ಮಾತ್ರ ಕೊಡಲಾರದು.

ಗೆದ್ದೆವು. ಗೆದ್ದದ್ದರ ಬೆಲೆ ಆಮೇಲೆ ತಿಳಿಯಿತು. ಶರಣಪ್ಪ ಮೇಳದ ಮುಂದೆ ಅತ್ತನಂತೆ. "ಅಕ್ಕ ನಮ್ಮಪ್ಪನ ಹೆಸರು ಅಳಿಸಿದ್ಲು" ಅಂದನಂತೆ. ಅವನು ಕೆಟ್ಟವನಲ್ಲ, ಅಪ್ಪನ ಹೆಸರಿದ್ದದ್ದು ಅಪ್ಪನದು ಅಂತ ನಂಬಿದ್ದವನು. ಮೇಳ ಅವನ ಮಾತನ್ನು ಹಿಡಿಯಿತು. ಗುರುವಿನ ಪದ ತನ್ನದು ಅಂದವಳ ಜೊತೆ ತಾಳ ಹಾಕುವುದಿಲ್ಲ ಅಂದರು. ಹಾಡಬಾರದು ಅನ್ನುವವರು ಈಗ ಯಾರೂ ಇರಲಿಲ್ಲ. ಹಾಡು ಅನ್ನುವವರೂ ಇರಲಿಲ್ಲ.

ಒಂದು ದಿನ ಬಜಾರಿನಲ್ಲಿ ಈರಮ್ಮ ಕಂಡಳು. ನನ್ನನ್ನು ನೋಡಿ ನಿಂತಳು, ಆಮೇಲೆ ತಲೆ ತಗ್ಗಿಸಿ ಓಣಿಯೊಳಗೆ ಹೋದಳು. ಹಾಗೆ ಹೋದವರು ಬಹಳ ಮಂದಿ ಅಂತ ಮೊದಲೇ ಹೇಳಿದೆನಲ್ಲ. ಅವರಲ್ಲಿ ಯಾರೂ ನನಗೆ ಅಷ್ಟು ನೋವು ಕೊಟ್ಟಿರಲಿಲ್ಲ. ಅದಾದ ಮೇಲೆ ಬೇಗನೇ ನಾನು ಕೋರ್ಟು ಬಿಟ್ಟೆ. ಕಿವಿಗೆ ಯಂತ್ರ ಬಂತು. ಅದು ಬಸ್ಸಿನ ಹಾರನ್ನನ್ನು ಹತ್ತಿರ ತರುತ್ತದೆ, ಮನುಷ್ಯರ ಮಾತನ್ನು ಅಷ್ಟು ತರುವುದಿಲ್ಲ. ಮಾತಾಡುವವರೂ ಇರಲಿಲ್ಲ ಅನ್ನಿ. ದಿನವೆಲ್ಲ ಅದನ್ನು ಡಬ್ಬಿಯಲ್ಲೇ ಇಟ್ಟಿರುತ್ತಿದ್ದೆ.

ಹೋದ ಬೇಸಿಗೆಯ ಒಂದು ಸೋಮವಾರ ಮಧ್ಯಾಹ್ನ ಬಾಗಿಲ ಪಕ್ಕದ ಕಿಟಕಿಯಲ್ಲಿ ನೆರಳು ಬಿತ್ತು. ಈರಮ್ಮ. ಎಷ್ಟು ಹೊತ್ತು ಕದ ಬಡಿದಿದ್ದಳೋ ಏನೋ. ಅವಸರದಿಂದ ಯಂತ್ರ ಹಚ್ಚಿಕೊಂಡೆ.

"ಮತ್ತೇನು ತಕರಾರು ಬಂತ್ರಿ ಈರಮ್ಮ? ನಾ ಈಗ ಕೋಟು ಹಾಕಂಗಿಲ್ಲ."

"ತಕರಾರ ಏನಿಲ್ರಿ." ನೆಲಕ್ಕೆ ಕೂತಳು, ಅದೇ ಹಳೆಯ ರೀತಿ, ಗೋಡೆಗೆ ಒರಗಿ. "ಹಾಡಾಕ ಬಂದೀನ್ರಿ. ಮ್ಯಾಳದಾಗ ಕರಿಯಂಗಿಲ್ಲ. ಮನ್ಯಾಗ ಒಬ್ಬಾಕಿ ಹಾಡಿದ್ರ ಮತ್ತ ಆ ಕಲ್ಲಿನ ಮುಂದ ಹಾಡಿದಂಗ ಆಗ್ತೈತಿ. ಬ್ಯಾರೇರ ಮುಂದ ಹಾಡಿದ್ರ ಇದು ಯಾರದಂತ ಕೇಳ್ತಾರ. ನಿಮಗ ಹೇಳೋದ ಬೇಕಾಗಿಲ್ಲಲ್ರಿ."

"ನನ್ನ ಕಿವಿ ಹೋಗ್ಯಾವಲ್ರಿ" ಅಂದೆ.

"ಇರಲಿರಿ" ಅಂದಳು.

ನಾನು ಅವಳ ಎದುರು ನೆಲಕ್ಕೆ ಕೂತೆ. ಅವಳು ಹಾಡಿದಳು. ಯಂತ್ರದಲ್ಲಿ ದನಿ ಒಡೆದು ಒಡೆದು ಬರುತ್ತಿತ್ತು, ಮಾತು ಹಿಡಿಯಲು ಆಗುತ್ತಿರಲಿಲ್ಲ. ತೆಗೆದು ಪಕ್ಕಕ್ಕಿಟ್ಟೆ. ಅವಳ ಬಲಗಾಲು ನನ್ನ ಮುಂದೆಯೇ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಅವಳನ್ನು ಕೇಳದೆ, ನಾಚದೆ, ಪಾದದ ಮೇಲೆ ಅಂಗೈ ಇಟ್ಟೆ. ಅವಳು ಕಾಲು ಎಳೆದುಕೊಳ್ಳಲಿಲ್ಲ. ಪದ ಎಲ್ಲಿಗೆ ಬಂತು ಅನ್ನುವುದು ನನಗೆ ಕೈಯಲ್ಲೇ ತಿಳಿಯುತ್ತ ಹೋಯಿತು. ಕೊನೆಯ ಸಾಲಿನಲ್ಲಿ ಅವಳ ತುಟಿಯನ್ನು ನೋಡಿದೆ. ಬಸ್ಸಣ್ಣ ಅನ್ನುವ ಹೆಸರೇ ಇತ್ತು. ಕಾಗದದಲ್ಲಿ, ಫೋನಿನಲ್ಲಿ ಎಲ್ಲ ಅವಳ ಹೆಸರು ಬಂದ ಮೇಲೂ ಅವಳ ಬಾಯಲ್ಲಿ ಗುರುವಿನದೇ ಇತ್ತು. ನಾನು ಅತ್ತೆ. ಅವಳೂ ಅತ್ತಳು. ಆಮೇಲೆ ಇಬ್ಬರೂ ರೊಟ್ಟಿ ತಿಂದೆವು.

ಹೊರಡುವಾಗ ಹೊಸ್ತಿಲಲ್ಲಿ ನಿಂತು, ನನಗೆ ಕಾಣಲಿ ಅಂತ ಬಾಯಿ ದೊಡ್ಡದಾಗಿ ತೆರೆದು ಅಂದಳು. "ಬರೋ ಸೋಮಾರ ಬರ್ತೀನ್ರಿ."

ಆಯುಷ್ಯವೆಲ್ಲ ನಾನು ಜನರಿಗೆ ತಾರೀಖು ಹೇಳಿದವಳು. ಮುಂದಿನ ಪೇಶಿ ಇಂಥ ದಿನ, ತಪ್ಪದೆ ಬನ್ನಿ ಅಂತ. ಮೊಕದ್ದಮೆ ಮುಗಿದ ಮೇಲೆ 'ಬರ್ತೀನಿ' ಅಂತ ನನಗೆ ತಾರೀಖು ಕೊಟ್ಟವರು ಯಾರೂ ಇರಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆಯೇ ಇಬ್ಬರಿಗಾಗುವಷ್ಟು ಹಿಟ್ಟು ನಾದಿ, ಕದ ತೆರೆದಿಟ್ಟು, ಅವಳು ಬಡಿದರೆ ಎಲ್ಲಿ ಕೇಳಿಸುವುದಿಲ್ಲವೋ ಅಂತ ಹೊಸ್ತಿಲ ಮೇಲೆಯೇ ಕೂತೆ.